ವ್ಯಸನಿಯೊಡನೆ ಮಾತು: ಮೈಸೂರು ಸೀಮೆಯಲ್ಲಿ ಕುಡಿತವನ್ನು ಕುರಿತ ಪ್ರಶ್ನೆಯ ಚರಿತ್ರೆ

ಪೀಠಿಕೆ

ಚರಿತ್ರೆಯನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಶಾಸನ, ಕಡತ, ವರದಿಗಳಲ್ಲಿ ಉಳಿದುಬಂದ ಮಾತನ್ನು ಕುರಿತು ವಿಚಾರಮಾಡುತ್ತಾರೆ. ಆಡದೆ ಉಳಿದ ಮಾತಿಗೂ ಒಂದು ಚರಿತ್ರೆಯುಂಟು. ವೈದ್ಯನ ಮುಂದೆ ಕುಳಿತ ರೋಗಿಯು ತನ್ನ ಕುಡಿತವನ್ನು ಕುರಿತು ಮಾಡುವ ಮೌನವು ಅಂತಹುದೊಂದು. ಆ ಮೌನವು ಎಲ್ಲಿಂದ ಬಂದಿತು, ಯಾರು ಯಾರು ಅದನ್ನು ಬೆಳೆಸಿದರು, ಅದನ್ನು ಮುರಿಯಲು ಯಾವ ಪ್ರಯತ್ನಗಳಾದುವು ಎಂಬುದನ್ನು ಮೈಸೂರು ಸೀಮೆಯ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಕುತೂಹಲದ ವಿಷಯವಲ್ಲ. ಹಲವು ವರ್ಷಗಳ ಕಾಲ ದಿನವೂ ಹೆಚ್ಚಾಗಿ ಕುಡಿದ ದೇಹಕ್ಕೆ ಮದ್ಯವು ಹಠಾತ್ತಾಗಿ ನಿಂತರೆ, ಸಾಮಾನ್ಯವಾಗಿ ೪೮ರಿಂದ ೯೬ ಗಂಟೆಗಳೊಳಗೆ ಕೈಕಾಲು ನಡುಗಿ, ನಿದ್ರೆ ಕೆಟ್ಟು, ಇಲ್ಲದ ವಸ್ತುಗಳು ಕಾಣಿಸಿಕೊಂಡು ಸನ್ನಿ ಹಿಡಿಯುವುದುಂಟು. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಕ್ಕೆ ಎರವಾಗಬಲ್ಲದು. ಮುರಿದ ಕಾಲಿಗೆಂದೋ ಹರ್ನಿಯದ ಶಸ್ತ್ರಚಿಕಿತ್ಸೆಗೆಂದೋ ವಾರ್ಡಿನಲ್ಲಿ ಮಲಗಿದ ರೋಗಿಗೆ ಮೂರನೆಯ ದಿನ ಈ ಸ್ಥಿತಿಯೊದಗಿದಾಗ ಅದು ಎಲ್ಲಿಂದ ಬಂತೆಂದು ಎಲ್ಲರೂ ಬೆರಗಾಗುತ್ತಾರೆ. ಮೊದಲನೆಯ ದಿನವೇ ವಿಷಯ ತಿಳಿದಿದ್ದರೆ ಕೆಲವು ಮಾತ್ರೆಗಳಿಂದಲೂ ಥಯಮಿನ್ ಎಂಬ ಜೀವಸತ್ವದಿಂದಲೂ ಬಹುಮಟ್ಟಿಗೆ ತಡೆಯಬಹುದಾದ ವಿಪತ್ತು ಇದು. ಆದರೆ ಅದನ್ನು ತಿಳಿಸಬಲ್ಲವನು ರೋಗಿಯೊಬ್ಬನೇ, ಮತ್ತು ಅವನು ತಿಳಿಸುವುದಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು ೧೬ ಕೋಟಿ ಜನ ಮದ್ಯವನ್ನು ಬಳಸುತ್ತಾರೆ. ಮದ್ಯಕ್ಕೆ ಅವಲಂಬಿತರಾದ ೩೮ ಜನರಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆಯನ್ನು ಪಡೆದವರು. ಉಳಿದ ೩೭ ಜನರ ಮೌನವೇ ನಮ್ಮ ವಿಷಯ.

ಈ ಮೌನಕ್ಕೆ ಅಜ್ಞಾನವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಚರಿತ್ರೆಯು ಬೇರೊಂದು ಉತ್ತರವನ್ನು ಸೂಚಿಸುತ್ತದೆಂಬುದು ನಮ್ಮ ಅಭಿಪ್ರಾಯ. ಕುಡಿತದ ವಿಷಯದಲ್ಲಿ ಮನುಷ್ಯನು ನಿಜವನ್ನು ಹೇಳುವುದೂ ಬಿಡುವುದೂ ಮೂರು ಅಂಶಗಳನ್ನು ಅವಲಂಬಿಸಿದೆ: ಕೇಳುವವರು ಯಾರು, ಕೇಳಿಸಿಕೊಳ್ಳುವವರು ಯಾರು, ಉತ್ತರವನ್ನು ಎಲ್ಲಿ ಬರೆದುಕೊಳ್ಳುತ್ತಾರೆ. ಈ ಮೂರನ್ನೂ ಮುಂದೆ ಕಾಲಾನುಕ್ರಮದಲ್ಲಿ ನೋಡಬಹುದು.

೧. ಹೆಸರಿನ ವಿಚಾರ

ಕನ್ನಡದಲ್ಲಿ ‘ವ್ಯಸನ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಬಂಧುವೊಬ್ಬರು ತೀರಿಕೊಂಡರೆಂದು ಕೇಳಿ ನಾವು ವ್ಯಸನಪಡುತ್ತೇವೆ. ಕುಡಿತಕ್ಕೆ ಸಿಕ್ಕಿದವನನ್ನು ವ್ಯಸನಿಯೆನ್ನುತ್ತೇವೆ. ಒಂದೇ ಶಬ್ದ ದುಃಖಕ್ಕೂ ದೋಷಕ್ಕೂ ಸಲ್ಲುತ್ತದೆ. ಈ ಸಂಗತಿಗೆ ಮೈಸೂರಿನಲ್ಲೇ ಒಂದು ಪ್ರಮಾಣ ದೊರೆಯಿತೆಂಬುದು ಗಮನಾರ್ಹ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಇಲ್ಲಿಯ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದರು. ಆ ಗ್ರಂಥದ ಎಂಟನೆಯ ಅಧಿಕರಣವೆಲ್ಲ ವ್ಯಸನಗಳನ್ನು ಕುರಿತದ್ದು. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದು ಯಾವುದೋ ಅದು ವ್ಯಸನವೆಂದು ಅಲ್ಲಿ ನಿರುಕ್ತಿ ಹೇಳಿದೆ. ಬರಗಾಲವೂ ಪ್ರವಾಹವೂ ಆ ಅಧಿಕರಣದಲ್ಲಿ ವ್ಯಸನಗಳೇ. ಬೇಟೆ, ಜೂಜು, ಸ್ತ್ರೀ, ಪಾನ ಎಂಬ ನಾಲ್ಕೂ ವ್ಯಸನಗಳೇ. ಅರ್ಥಾತ್, ಕುಡಿತವು ಮನುಷ್ಯನು ಮಾಡುವ ಕೆಲಸವಾಗಿರುವಂತೆಯೇ ಅವನಿಗೆ ಒದಗುವ ಆಪತ್ತೂ ಹೌದೆಂಬ ಅರಿವು ಶಬ್ದದಲ್ಲಿಯೇ ಅಡಗಿತ್ತು.

ಕಾಲಕ್ರಮದಲ್ಲಿ ಈ ಎರಡು ಅರ್ಥಗಳು ದೂರವಾದುವು. ಜೈನ ಪರಂಪರೆಯ ಸಪ್ತವ್ಯಸನಗಳ ಎಣಿಕೆಯಲ್ಲಿ ಪಾನವು ತ್ಯಜಿಸಬೇಕಾದ ದುರ್ಗುಣವಾಗಿ ನಿಂತಿತು. ‘ದುಶ್ಚಟ’, ‘ಕುಡುಕ’ ಎಂಬ ಮಾತುಗಳಲ್ಲಿ ಆಪತ್ತಿನ ಅರ್ಥವು ಪೂರ್ಣವಾಗಿ ಅಳಿದು ದೋಷದ ಅರ್ಥವೊಂದೇ ಉಳಿಯಿತು. ಕುಡಿಯುವವನು ಎಂಬುದು ಒಬ್ಬನ ಕ್ರಿಯೆಯನ್ನು ಹೇಳುತ್ತದೆ. ಕುಡುಕ ಎಂಬುದು ಅವನ ಇಡೀ ವ್ಯಕ್ತಿತ್ವವನ್ನು ಹೇಳಿ ಮುಗಿಸಿಬಿಡುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬಾತನಿದ್ದನು. ಹೆಂಡ ಮಾರುವ ಕಾಯಕದ ಹೆಸರನ್ನು ಮರೆಮಾಡದೆಯೇ ಅವನನ್ನು ಶರಣರ ಸಾಲಿನಲ್ಲಿ ಸೇರಿಸಿಕೊಂಡ ಆ ಸಮಾಜದ ಔದಾರ್ಯವು ಮುಂದಿನ ಶತಮಾನಗಳಲ್ಲಿ ಕುಡಿಯುವವನಿಗೆ ಹೆಚ್ಚಾಗಿ ದೊರೆಯಲಿಲ್ಲ.

ವೈದ್ಯಗ್ರಂಥಗಳ ದಾರಿ ಸ್ವಲ್ಪ ಬೇರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವು ಮದಾತ್ಯಯವೆಂಬ ಹೆಸರಿನಲ್ಲಿ ಅತಿಪಾನದ ರೋಗವನ್ನು ವಿವರಿಸುತ್ತದೆ. ಮನಸ್ಸನ್ನು ಕದಡದೆ ಮದ್ಯವು ಈ ರೋಗವನ್ನು ಉಂಟುಮಾಡಲಾರದಾದುದರಿಂದ ಮನಸ್ಸಿಗೆ ಹರ್ಷವನ್ನುಂಟುಮಾಡುವ ಉಪಚಾರವೂ ಬೇಕೆಂದು ಅಲ್ಲಿ ವಿಧಿಸಿದೆ. ರೂಢಿಯಾದ ಅಹಿತವನ್ನು ಒಮ್ಮೆಲೇ ಬಿಡದೆ ಕ್ರಮಕ್ರಮವಾಗಿ ಬಿಡಬೇಕೆಂದು ಸೂತ್ರಸ್ಥಾನವು ಹೇಳುತ್ತದೆ. ಪಶ್ಚಿಮದಲ್ಲಿ ಅಮೆರಿಕದ ಬೆಂಜಮಿನ್ ರಷ್ ೧೭೮೪ರಲ್ಲಿಯೂ ಸ್ಕಾಟ್ಲೆಂಡಿನ ಥಾಮಸ್ ಟ್ರಾಟರ್ ೧೮೦೪ರಲ್ಲಿಯೂ ಕುಡಿತವನ್ನು ರೋಗವೆಂದು ಪರಿಗಣಿಸಿ ಬರೆದರು. ವೈದ್ಯನು ಮೊದಲು ರೋಗಿಯ ವಿಶ್ವಾಸವನ್ನು ಗಳಿಸಬೇಕೆಂಬುದನ್ನು ಟ್ರಾಟರ್ ಒತ್ತಿ ಹೇಳಿದನು. ಆದಕಾರಣ ಸೌಮ್ಯವಾದ ಮಾತು ಈಚಿನ ಕಾಲದ ಆವಿಷ್ಕಾರವಲ್ಲ. ತಿಳಿದಿದ್ದ ವಿಷಯವು ಆಚರಣೆಯಲ್ಲಿ ಏಕೆ ನಿಲ್ಲಲಿಲ್ಲವೆಂಬುದೇ ಪ್ರಶ್ನೆ.

೨. ಅರಸನ ಪ್ರಶ್ನೆ

ವೈದ್ಯನಿಗಿಂತ ಹೆಚ್ಚಾಗಿ ಕುಡಿಯುವವನನ್ನು ವಿಚಾರಿಸಿದವನು ಅರಸ. ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ, ಪಾನಗೃಹಗಳಲ್ಲಿ ಗೂಢಚಾರರು ಕುಳಿತು ಗಿರಾಕಿಗಳ ಖರ್ಚು ವಾಡಿಕೆಯದೋ ಅಸಾಧಾರಣವಾದುದೋ ಎಂಬುದನ್ನು ಗಮನಿಸಬೇಕೆಂದಿದೆ. ಎಷ್ಟು ಕುಡಿಯುತ್ತಾನೆಂಬ ಪ್ರಶ್ನೆಗೆ ಅಲ್ಲಿ ಆರೋಗ್ಯದ ಸಂಬಂಧವಿಲ್ಲ. ಕಳ್ಳನನ್ನು ಹಿಡಿಯುವುದಕ್ಕೂ ಬೊಕ್ಕಸವನ್ನು ಕಾಯುವುದಕ್ಕೂ ಅದು ಸಾಧನ.

ಮೈಸೂರು ಸೀಮೆಯಲ್ಲಿ ರಾಜ್ಯದ ನಿಲುವು ಎರಡು ತುದಿಗಳ ನಡುವೆ ತೂಗಾಡಿತು. ಟಿಪ್ಪುಸುಲ್ತಾನನು ೧೭೮೦ರ ದಶಕದಲ್ಲಿ ಬರುತ್ತಿದ್ದ ಆದಾಯವನ್ನು ಲೆಕ್ಕಿಸದೆ ಮದ್ಯದ ತಯಾರಿಕೆ ಮತ್ತು ಮಾರಾಟಗಳನ್ನು ನಿಷೇಧಿಸಿದನು. ೧೭೯೯ರ ನಂತರ ಆ ಆದಾಯವು ಮತ್ತೆ ಲೆಕ್ಕಕ್ಕೆ ಬಂದಿತು. ೧೮೩೧ರಿಂದ ೧೮೮೧ರ ವರೆಗಿನ ಕಮಿಷನರುಗಳ ಆಳ್ವಿಕೆಯಲ್ಲಿಯೂ ಅನಂತರದ ಸಂಸ್ಥಾನದ ಆಡಳಿತದಲ್ಲಿಯೂ ಅಬಕಾರಿಯು ಭೂಕಂದಾಯದ ಜೊತೆಗೆ ಮುಖ್ಯವಾದ ಆದಾಯಗಳಲ್ಲಿ ಒಂದಾಗಿತ್ತು. ಈಚಲಮರದ ಹೆಂಡ, ಭಟ್ಟಿಯ ಸಾರಾಯಿ, ಅಂಗಡಿಯ ಹರಾಜು, ಗುತ್ತಿಗೆದಾರನ ಕಂತು ಇವು ಅಬಕಾರಿ ಕಡತದ ಭಾಷೆ. ಈ ಭಾಷೆಯಲ್ಲಿ ಕುಡಿಯುವ ಮನುಷ್ಯನಿಗೆ ಹೆಸರಿಲ್ಲ. ಅವನು ಗ್ಯಾಲನ್ನು ಮತ್ತು ರೂಪಾಯಿಗಳ ಮೊತ್ತದಲ್ಲಿ ಕರಗಿಹೋಗಿದ್ದಾನೆ. ಕಡತದಲ್ಲಿ ಅವನ ಹೆಸರು ಕಾಣಿಸುವುದು ಎರಡೇ ಕಡೆ: ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಅಪರಾಧಿಯಾಗಿ, ಇಲ್ಲವೆ ಹುಚ್ಚರ ಆಶ್ರಯಾಲಯದ ದಾಖಲೆಯಲ್ಲಿ ರೋಗಿಯಾಗಿ.

೩. ಆಶ್ರಯಾಲಯದ ಕಾಲಂ

ಬೆಂಗಳೂರಿನ ಹುಚ್ಚರ ಆಶ್ರಯಾಲಯವು ೧೮೪೦ರ ದಶಕದ ಕೊನೆಯಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ತನ ಪ್ರಯತ್ನದಿಂದ ಆರಂಭವಾಯಿತು. ಆ ಕಾಲದ ಇಂತಹ ಎಲ್ಲ ಸಂಸ್ಥೆಗಳ ದಾಖಲೆಗಳಲ್ಲಿಯೂ ಹುಚ್ಚಿನ ಕಾರಣವೆಂಬ ಒಂದು ಕಾಲಂ ಇರುತ್ತಿತ್ತು. ಗಾಂಜಾ, ಮದ್ಯ ಮೊದಲಾದುವನ್ನು ಆ ಕಾಲಮ್ಮಿನಲ್ಲಿ ನಮೂದಿಸುತ್ತಿದ್ದರು. ಆ ಒಂದು ಪದವು ಅಲ್ಲಿಗೆ ಹೇಗೆ ಬರುತ್ತಿತ್ತೆಂಬುದನ್ನು ಸರ್ಕಾರವೇ ಒಮ್ಮೆ ವಿಚಾರಿಸಬೇಕಾಗಿ ಬಂದಿತು. ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದ ಸಾಕ್ಷ್ಯವು ಇದೇ ಆಗಿದೆ.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯೊಂದರ ಫಲವಾಗಿ ಇಂಡಿಯಾ ಸರ್ಕಾರವು ೧೮೯೩ರಲ್ಲಿ ಗಾಂಜಾ, ಚರಸ್, ಭಂಗಿಗಳನ್ನು ಕುರಿತು ವಿಚಾರಣಾ ಆಯೋಗವನ್ನು ನೇಮಿಸಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಸದಸ್ಯರಲ್ಲಿ ಮೂವರು ಭಾರತೀಯರು. ಆಯೋಗವು ೧,೧೯೩ ಸಾಕ್ಷಿಗಳನ್ನು ವಿಚಾರಿಸಿ ೧೮೯೪ರಲ್ಲಿ ವರದಿಯನ್ನೊಪ್ಪಿಸಿತು. ಗಾಂಜಾ ಸೇದಿದವರು ಹುಚ್ಚರಾಗುತ್ತಾರೆಂಬ ನಂಬಿಕೆಗೆ ಆಶ್ರಯಾಲಯಗಳ ಅಂಕಿಅಂಶಗಳೇ ಆಧಾರವಾಗಿದ್ದುವು. ಆಯೋಗವು ೧೮೯೨ನೆಯ ಇಸವಿಯಲ್ಲಿ ಬ್ರಿಟಿಷ್ ಇಂಡಿಯಾದ ಆಶ್ರಯಾಲಯಗಳಿಗೆ ಸೇರಿದ ೧,೩೪೪ ಜನರ ವಿಷಯವನ್ನು ತೆಗೆದುಕೊಂಡು, ಗಾಂಜಾ ಮೊದಲಾದುವೇ ಕಾರಣವೆಂದು ಬರೆದಿದ್ದ ೨೨೨ ಪ್ರಕರಣಗಳನ್ನು ಒಂದೊಂದಾಗಿ ಮರುಪರಿಶೀಲಿಸಿತು. ಹಾಗೆ ಪರಿಶೀಲಿಸಿದಾಗ ಆ ಪದಾರ್ಥಗಳೊಡನೆ ಸಂಬಂಧವುಂಟೆಂದು ಒಪ್ಪಬಹುದಾದುವು ೯೮ ಮಾತ್ರ; ಅವುಗಳಲ್ಲಿಯೂ ಬೇರೆ ಕಾರಣವಿಲ್ಲದೆ ಅದೊಂದರಿಂದಲೇ ಎಂದು ಹೇಳಬಹುದಾದುವು ೬೧.

ಉಳಿದ ನಮೂದುಗಳು ಹೇಗೆ ಹುಟ್ಟಿದುವು? ರೋಗಿಯನ್ನು ಕರೆತರುವಾಗ ಅವನ ವಿವರಗಳ ಪಟ್ಟಿಯನ್ನು ತುಂಬುತ್ತಿದ್ದವರು ಪೋಲೀಸರು. ಕಾರಣ ತಿಳಿಯದಿದ್ದಾಗ ಇವನು ಗಾಂಜಾ ಸೇದುತ್ತಿದ್ದನೇ ಎಂದು ವಿಚಾರಿಸುವುದು. ಹೌದೆಂಬ ಉತ್ತರ ಬಂದರೆ ಅದನ್ನೇ ಕಾರಣವೆಂದು ಬರೆಯುವುದು. ಆಶ್ರಯಾಲಯದ ಅಧಿಕಾರಿಯು ಆ ಪಟ್ಟಿಯನ್ನು ನೋಡಿ ತನ್ನ ದಾಖಲೆಗೆ ಇಳಿಸಿಕೊಳ್ಳುವುದು. ಪೋಲೀಸನ ಊಹೆಯು ವೈದ್ಯನ ನಿರ್ಣಯವಾಗಿ, ವೈದ್ಯನ ನಿರ್ಣಯವು ಸರ್ಕಾರದ ಅಂಕಿಅಂಶವಾಗಿ, ಅಂಕಿಅಂಶವು ಪಾರ್ಲಿಮೆಂಟಿನ ಚರ್ಚೆಯಾಗಿ ಬೆಳೆಯಿತು. ಈ ಸರಪಣಿಯ ಯಾವ ಕೊಂಡಿಯಲ್ಲಿಯೂ ರೋಗಿಯೊಡನೆ ಮಾತುಕತೆಯಿಲ್ಲ.

ಈ ಪ್ರಸಂಗದಿಂದ ಎರಡು ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ರೋಗಿಯನ್ನು ಕೇಳದೆ ಅವನ ವಿಷಯವಾಗಿ ಬರೆದುದು ರೋಗಿಗೆ ಮಾತ್ರವಲ್ಲದೆ ವಿಜ್ಞಾನಕ್ಕೂ ಹಾನಿಕರ. ಸೌಜನ್ಯದ ಕೊರತೆಯು ಇಲ್ಲಿ ಸತ್ಯದ ಕೊರತೆಯೂ ಆಯಿತು. ಎರಡನೆಯದಾಗಿ, ಒಮ್ಮೆ ಕಾಗದದ ಮೇಲೆ ಬಂದ ಪದವನ್ನು ಅಳಿಸುವುದಕ್ಕೆ ಒಂದು ಆಯೋಗವೇ ಬೇಕಾಯಿತು. ಸಾಮಾನ್ಯ ರೋಗಿಗೆ ಅಂತಹ ಆಯೋಗವು ಎಲ್ಲಿಂದ ಬರಬೇಕು? ಅವನಿಗೆ ಲಭ್ಯವಿರುವ ರಕ್ಷಣೆ ಒಂದೇ: ಹೇಳದಿರುವುದು.

ಬೆಂಗಳೂರಿನ ಆಶ್ರಯಾಲಯಕ್ಕೆ ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಮರುನಾಮಕರಣವಾಯಿತು. ಡಾ. ಫ್ರಾಂಕ್ ನೊರೋನ್ಹಾ, ಡಾ. ಎಂ. ವಿ. ಗೋವಿಂದಸ್ವಾಮಿ ಮೊದಲಾದವರ ದಕ್ಷತೆಯಿಂದ ಅದು ನಿಜವಾದ ಆಸ್ಪತ್ರೆಯಾಗಿ ಬೆಳೆಯಿತು. ೧೯೫೪ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಇಷ್ಟಾದರೂ ಜನರ ಬಾಯಲ್ಲಿ ಅದು ಬಹುಕಾಲ ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. ಹೆಸರನ್ನು ಬದಲಿಸುವುದು ಅಗತ್ಯ. ಅಷ್ಟೇ ಸಾಲದೆಂಬುದಕ್ಕೆ ಇದೊಂದು ನಿದರ್ಶನ.

೪. ಕವಿಯ ಕಿವಿ

ವೈದ್ಯನೂ ಅಧಿಕಾರಿಯೂ ಕೇಳಿಸಿಕೊಳ್ಳದಿದ್ದ ಕಾಲದಲ್ಲಿ ಕನ್ನಡದ ಕವಿಯೊಬ್ಬರು ಕೇಳಿಸಿಕೊಂಡರು. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ೧೯೩೦ರ ದಶಕದಲ್ಲಿ ಬೆಳಕು ಕಂಡ ಕೃತಿ. ಕನ್ನಡ ಅಧ್ಯಾಪಕರಾಗಿದ್ದ ರಾಜರತ್ನಂ ಅವರು ಹೆಂಡ ಕುಡಿಯುವ ರತ್ನನನ್ನು ಕಥಾನಾಯಕನನ್ನಾಗಿ ಮಾಡಿ, ಅವನ ಆಡುಮಾತಿನಲ್ಲಿಯೇ ಅವನನ್ನು ಹಾಡಿಸಿದರು. ಆ ಪದಗಳ ಕಾವ್ಯಗುಣವನ್ನು ಸಾಹಿತ್ಯದ ವಿದ್ವಾಂಸರು ವಿವೇಚಿಸಿದ್ದಾರೆ. ಚರಿತ್ರೆಯ ದೃಷ್ಟಿಯಿಂದ ನಾವು ಗಮನಿಸಬೇಕಾದುದು ಇಷ್ಟು: ಪಾನನಿರೋಧದ ಉಪದೇಶವು ನಾಡಿನಲ್ಲೆಲ್ಲ ಕೇಳಿಬರುತ್ತಿದ್ದ ದಿನಗಳಲ್ಲಿ, ಕುಡಿಯುವವನು ಅಲ್ಲಿ ಇತರರ ಭಾಷಣದ ವಿಷಯವಾಗದೆ ತಾನೇ ಮಾತನಾಡುವವನಾದನು. ಅವನಿಗೆ ಹೆಂಡವಲ್ಲದೆ ಹೆಂಡತಿ ನಂಜಿಯೂ ಉಂಟು, ಕನ್ನಡದ ಅಭಿಮಾನವೂ ಉಂಟು, ಬಡತನವೂ ಉಂಟು. ಕುಡಿತವನ್ನು ಕುರಿತು ಕೇಳಬೇಕಾದವನು ಮೊದಲು ಅದರ ಹೊರತಾದ ಸಂಗತಿಗಳನ್ನು ಕೇಳಬೇಕೆಂಬ ಪಾಠವನ್ನು ಆ ಪದಗಳಿಂದ ಕಲಿಯಬಹುದು. ಆದರೆ ಕಾವ್ಯವನ್ನು ಮೆಚ್ಚಿ ಹಾಡಿದ ಸಮಾಜವೇ ತನ್ನ ಬೀದಿಯ ರತ್ನನನ್ನು ಕಂಡು ಮುಖ ತಿರುಗಿಸಿತೆಂಬುದನ್ನೂ ಒಪ್ಪಿಕೊಳ್ಳಬೇಕು.

೫. ನಿಷೇಧದ ಕಾಲ

ಸಂವಿಧಾನದ ೪೭ನೆಯ ವಿಧಿಯು ಮಾದಕ ಪಾನೀಯಗಳ ನಿಷೇಧವನ್ನು ರಾಜ್ಯದ ಧ್ಯೇಯಗಳಲ್ಲಿ ಒಂದನ್ನಾಗಿ ಸೇರಿಸಿತು. ೧೯೫೬ರಲ್ಲಿ ಕನ್ನಡನಾಡು ಒಂದಾದಾಗ ಕುಡಿತದ ವಿಷಯದಲ್ಲಿ ಅದು ಹಲವು ನಾಡುಗಳಾಗಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಕಡೆಗಳಲ್ಲಿ ೧೯೪೯ರ ಮುಂಬಯಿ ಕಾಯಿದೆಯ ಪೂರ್ಣ ನಿಷೇಧ; ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳಲ್ಲಿ ಮದ್ರಾಸಿನ ೧೯೩೭ರ ಕಾಯಿದೆ; ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ನಿಷೇಧವಿಲ್ಲ. ೧೯೬೧ರಲ್ಲಿ ಮೈಸೂರು ಪಾನನಿಷೇಧ ಕಾಯಿದೆ, ೧೯೬೫ರಲ್ಲಿ ಮೈಸೂರು ಅಬಕಾರಿ ಕಾಯಿದೆ ರೂಪುಗೊಂಡುವು. ಆ ದಶಕ ಮುಗಿಯುವುದರೊಳಗೆ ನಿಷೇಧವು ಹಿಂದೆ ಸರಿದು ಅಬಕಾರಿಯೇ ಉಳಿಯಿತು.

ನಿಷೇಧದ ಪರವಾದಿಗಳ ಉದ್ದೇಶಶುದ್ಧಿಯನ್ನು ನಾವು ಶಂಕಿಸುವುದಿಲ್ಲ. ಬಡಸಂಸಾರಗಳ ಕಣ್ಣೀರು ಅವರ ಮುಂದಿತ್ತು. ಆದರೆ ಚಿಕಿತ್ಸೆಯ ದೃಷ್ಟಿಯಿಂದ ಅದರ ಒಂದು ಪರಿಣಾಮವನ್ನು ಗುರುತಿಸುವುದು ಅವಶ್ಯಕ. ಕೊಳ್ಳೇಗಾಲದಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಬಂದ ರೈತನಿಗೆ, ನೀನು ಕುಡಿಯುತ್ತೀಯಾ ಎಂಬ ಪ್ರಶ್ನೆಯು ಅಪರಾಧ ಮಾಡಿದ್ದೀಯಾ ಎಂಬ ಪ್ರಶ್ನೆಯಾಗಿಯೇ ಕೇಳಿಸಬೇಕು. ಮುಂಬಯಿಯ ಕಾಯಿದೆಯಲ್ಲಿ ಆರೋಗ್ಯದ ಕಾರಣದಿಂದ ಪರವಾನಗಿ ಪಡೆಯುವ ಅವಕಾಶವಿತ್ತು. ಅಲ್ಲಿ ಕುಡಿಯಬೇಕೆಂದವನು ರೋಗವನ್ನು ಹೇಳಿಕೊಳ್ಳಬೇಕಾಯಿತು. ಇಲ್ಲಿ ರೋಗವಿದ್ದವನು ಕುಡಿತವನ್ನು ಮುಚ್ಚಿಕೊಳ್ಳಬೇಕಾಯಿತು. ಎರಡೂ ಕಡೆ ವೈದ್ಯನ ಮುಂದಿನ ಮಾತು ಕೃತಕವಾಯಿತು.

ಕಾಯಿದೆಯು ಮುಂದೆ ನಿಧಾನವಾಗಿ ಮೃದುವಾಯಿತು. ೧೯೮೫ರ ಮಾದಕವಸ್ತುಗಳ ಕಾಯಿದೆಯು ಕಠಿಣವಾದುದಾದರೂ, ಸಣ್ಣ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯುವ ಅವಕಾಶವು ಅದರಲ್ಲಿ ಮುಂದೆ ಸೇರಿತು. ೨೦೦೧ರ ತಿದ್ದುಪಡಿಯಲ್ಲಿ ವ್ಯಸನಿಯೆಂಬ ಪದದ ವ್ಯಾಖ್ಯೆಯು ಅವಲಂಬನೆಯುಳ್ಳವನು ಎಂದು ಬದಲಾಯಿತು. ೧೯೮೭ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕಗಳಿಗೆ ಸಿಕ್ಕಿದವರಿಗೆ ಪ್ರತ್ಯೇಕ ಆಸ್ಪತ್ರೆಗಳನ್ನು ಕಲ್ಪಿಸಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇವರ ಸ್ಥಿತಿಯನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ತಂದು, ರೋಗಿಯ ವಿಷಯವನ್ನು ಗುಟ್ಟಾಗಿಡುವುದು ಅವನ ಹಕ್ಕೆಂದು ಸಾರಿತು. ಎಲ್ಲಿ ಬರೆದುಕೊಳ್ಳುತ್ತಾರೆಂಬ ಹಳೆಯ ಭಯಕ್ಕೆ ಕಾನೂನಿನಲ್ಲಿ ಸ್ಪಷ್ಟವಾದ ಉತ್ತರ ದೊರೆತದ್ದು ಹೀಗೆ.

೬. ಶಿಬಿರವೂ ಗುಟ್ಟಿನ ಔಷಧಿಯೂ

ಆಸ್ಪತ್ರೆಯ ಹೊರಗೆ ಜನರು ತಮ್ಮದೇ ದಾರಿಗಳನ್ನು ಕಂಡುಕೊಂಡರು. ಧರ್ಮಸ್ಥಳದ ಆಶ್ರಯದಲ್ಲಿ ೧೯೯೦ರ ದಶಕದಲ್ಲಿ ಆರಂಭವಾದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಇವುಗಳಲ್ಲಿ ಪ್ರಸಿದ್ಧವಾದುವು. ಅವುಗಳ ಧಾರ್ಮಿಕ ಆವರಣವನ್ನು ಕುರಿತು ಯಾರಿಗೆ ಯಾವ ಅಭಿಪ್ರಾಯವೇ ಇರಲಿ, ಹೆಸರಿಡುವುದರಲ್ಲಿ ಅವು ತೋರಿಸಿದ ಜಾಣ್ಮೆಯನ್ನು ಮೆಚ್ಚಬೇಕು. ಅಲ್ಲಿಗೆ ಬಂದವನು ಕುಡುಕನಲ್ಲ, ಶಿಬಿರಾರ್ಥಿ. ಬಿಟ್ಟವನು ನವಜೀವನ ಸಮಿತಿಯ ಸದಸ್ಯ. ಊರಿನ ಜನರ ಎದುರಿನಲ್ಲಿ ಹೇಳಿಕೊಳ್ಳಬಹುದಾದ ಹೆಸರೊಂದು ಅವನಿಗೆ ದೊರೆಯಿತು. ಶಬರಿಮಲೆಯ ವ್ರತದಲ್ಲಿಯೂ ಇದೇ ಗುಣವುಂಟು. ಗೆಳೆಯರು ಕರೆದಾಗ, ಬೇಡ, ನಾನು ಬಿಟ್ಟಿದ್ದೇನೆ ಎನ್ನುವುದು ಕಷ್ಟ. ಮಾಲೆ ಹಾಕಿದ್ದೇನೆ ಎಂದರೆ ಯಾರೂ ಒತ್ತಾಯಿಸುವುದಿಲ್ಲ. ಆದರೆ ದೇಹವು ಮದ್ಯಕ್ಕೆ ಪೂರ್ತಿಯಾಗಿ ಒಗ್ಗಿದವನು ಮಾಲೆ ಹಾಕಿದೊಡನೆ ಏಕಾಏಕಿ ನಿಲ್ಲಿಸಿದರೆ ಹಿಂದೆ ಹೇಳಿದ ಸನ್ನಿಯ ಅಪಾಯವಿರುವುದರಿಂದ, ವ್ರತದ ಮೊದಲ ದಿನಗಳಲ್ಲಿ ವೈದ್ಯನ ಸಲಹೆಯೂ ಜೊತೆಗಿರಬೇಕು.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ದಾರಿಯೂ ಬೆಳೆಯಿತು. ರೋಗಿಗೆ ತಿಳಿಯದಂತೆ ಕುಡಿತವನ್ನು ಬಿಡಿಸುತ್ತೇವೆಂಬ ಜಾಹೀರಾತುಗಳನ್ನು ನಮ್ಮ ಊರುಗಳ ಗೋಡೆಗಳ ಮೇಲೆ ನೋಡುತ್ತೇವೆ. ೧೯೪೮ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಡೈಸಲ್ಫಿರಮ್ ಎಂಬ ಔಷಧಿಯನ್ನು ಈ ಚಿಕಿತ್ಸೆಗೆ ಪರಿಚಯಿಸಿದರು. ಅದನ್ನು ಸೇವಿಸಿದವನು ಮದ್ಯವನ್ನು ಮುಟ್ಟಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗುತ್ತದೆ. ಕೆಲವರಿಗೆ ಪ್ರಾಣಾಪಾಯವೂ ಆಗಬಹುದು. ಪೂರ್ತಿಯಾಗಿ ತಿಳಿದು, ಒಪ್ಪಿ ತೆಗೆದುಕೊಳ್ಳುವವನಿಗೆ ಅದೊಂದು ಊರುಗೋಲು. ಬೇಸತ್ತ ಮನೆಯವರು ಅದನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸಿದರೆ ಅದು ವಿಷಕ್ಕೆ ಸಮಾನ. ಮಾತು ಸೋತ ಮನೆಯಲ್ಲಿ ಔಷಧಿಯು ಮಾತಿನ ಸ್ಥಾನವನ್ನು ಆಕ್ರಮಿಸಿದುದರ ಫಲ ಇದು. ಅಂತಹ ಗೃಹಿಣಿಯನ್ನು ದೂಷಿಸುವುದು ನ್ಯಾಯವಲ್ಲ. ಅವಳೊಡನೆಯೂ ಯಾರೂ ಮಾತನಾಡಿರುವುದಿಲ್ಲ.

ರಾಜ್ಯವು ಈ ನಡುವೆ ೨೦೦೭ರ ಜುಲೈ ೧ರಿಂದ ಸಾರಾಯಿಯ ಮಾರಾಟವನ್ನು ನಿಲ್ಲಿಸಿತು. ಪ್ಯಾಕೆಟ್ ಸಾರಾಯಿ ಹೋಯಿತು. ಬಾಟಲಿಯೂ ಟೆಟ್ರಾ ಪ್ಯಾಕೂ ಉಳಿದುವು. ಕುಡಿಯುವವನ ಪದಾರ್ಥ ಬದಲಾಯಿತಲ್ಲದೆ ಅವನೊಡನೆ ಮಾತನಾಡುವ ಕೆಲಸ ಹಾಗೆಯೇ ಉಳಿಯಿತು.

೭. ಪ್ರಶ್ನೆಯ ಹೊಸ ರೀತಿ

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯು ೧೯೬೪ರಲ್ಲಿ ಚಟವೆಂಬ ಅರ್ಥದ ಹಳೆಯ ಪದಗಳನ್ನು ಕೈಬಿಟ್ಟು ‘ಅವಲಂಬನೆ’ ಎಂಬ ಅರ್ಥದ ಪದವನ್ನು ಸೂಚಿಸಿತು. ಅಮೆರಿಕದ ವಿಲಿಯಂ ಮಿಲ್ಲರ್ ೧೯೮೩ರಲ್ಲಿ ಪ್ರಕಟಿಸಿದ ಲೇಖನವೊಂದರಿಂದ ಸಂಭಾಷಣೆಯ ಹೊಸ ಪದ್ಧತಿಯೊಂದು ಆರಂಭವಾಯಿತು. ವೈದ್ಯನು ವಾದಿಸಿದಷ್ಟೂ ರೋಗಿಯು ತನ್ನ ಕುಡಿತವನ್ನು ಸಮರ್ಥಿಸಿಕೊಳ್ಳುತ್ತಾನೆ; ಬಿಡಬೇಕಾದ ಕಾರಣಗಳು ರೋಗಿಯ ಬಾಯಿಂದಲೇ ಬರುವಂತೆ ಕೇಳಬೇಕು ಎಂಬುದು ಅದರ ಸಾರ. ಹೆಸರಿನ ಪ್ರಭಾವವನ್ನು ಪರೀಕ್ಷಿಸಲು ಅಮೆರಿಕದಲ್ಲಿ ಜಾನ್ ಕೆಲ್ಲಿ ಮತ್ತು ಕಸ್ಸಾಂಡ್ರ ವೆಸ್ಟರ್‌ಹಾಫ್ ಅವರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಐನೂರಕ್ಕೂ ಹೆಚ್ಚು ಚಿಕಿತ್ಸಕರಿಗೆ ಒಂದೇ ರೋಗಿಯ ವೃತ್ತಾಂತವನ್ನು ಕೊಟ್ಟು, ಕೆಲವರಿಗೆ ಆತನನ್ನು ದುರ್ಬಳಕೆದಾರನೆಂದೂ ಕೆಲವರಿಗೆ ಕಾಯಿಲೆಯುಳ್ಳವನೆಂದೂ ವರ್ಣಿಸಲಾಯಿತು. ಮೊದಲನೆಯ ಹೆಸರನ್ನು ಓದಿದವರು ತಪ್ಪು ರೋಗಿಯದೇ ಎಂದೂ ಶಿಕ್ಷೆಯಂತಹ ಕ್ರಮವು ಯುಕ್ತವೆಂದೂ ಹೆಚ್ಚಾಗಿ ಅಭಿಪ್ರಾಯಪಟ್ಟರು. ತರಬೇತಿ ಪಡೆದವರ ತೀರ್ಪನ್ನೂ ಒಂದು ಪದವು ಓರೆ ಮಾಡಬಲ್ಲದು.

ಈ ಪದ್ಧತಿಗಳನ್ನು ಕನ್ನಡಕ್ಕೆ ತರುವಾಗ ಭಾಷಾಂತರವೊಂದೇ ಸಾಲದು. ನಮ್ಮ ಭಾಷೆಗೆ ವಿಶಿಷ್ಟವಾದ ಮೂರು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಮೊದಲನೆಯದು ಏಕವಚನ ಬಹುವಚನಗಳ ವಿಚಾರ. ಕನ್ನಡದಲ್ಲಿ ಪ್ರಶ್ನೆಯನ್ನು ಕೇಳುವ ಮೊದಲೇ ಸಂಬಂಧವು ನಿರ್ಧಾರವಾಗಿಬಿಡುತ್ತದೆ. ಕುಡೀತೀಯೇನೋ ಎಂಬಲ್ಲಿ ಉತ್ತರಕ್ಕೆ ಸ್ಥಳವಿಲ್ಲ. ಇಲ್ಲ ಸ್ವಾಮಿ ಎಂಬುದೊಂದೇ ಮರ್ಯಾದೆ ಉಳಿಸುವ ಮಾತು. ಯಜಮಾನರೇ, ದುಡಿದು ದಣಿದಾಗ ಏನಾದರೂ ತಗೊಳ್ಳೋ ರೂಢಿ ಇದೆಯಾ ಎಂದು ಬಹುವಚನದಲ್ಲಿ ಕೇಳಿದರೆ ಅದೇ ಮನುಷ್ಯನು ಬೇರೆ ಉತ್ತರವನ್ನು ಕೊಡುವ ಸಂಭವವುಂಟು. ವಯಸ್ಸಾದ ಕೂಲಿಕಾರನನ್ನು ನೀವು ಎನ್ನುವುದಕ್ಕೆ ಹೊಸ ಯಂತ್ರವೂ ಬೇಡ, ಹಣವೂ ಬೇಡ.

ಎರಡನೆಯದು ಅಳತೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೮೯ರಲ್ಲಿ ಪ್ರಕಟಿಸಿದ ಹತ್ತು ಪ್ರಶ್ನೆಗಳ ಪಟ್ಟಿಯು ಹತ್ತು ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಪಾನವೆಂದು ಎಣಿಸುತ್ತದೆ. ನಮ್ಮವರು ಕ್ವಾರ್ಟರ್, ನೈಂಟಿ ಎಂದು ಎಣಿಸುತ್ತಾರೆ. ೧೮೦ ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಶೇಕಡ ೪೨.೮ರ ಪ್ರಮಾಣದಲ್ಲಿ ಸುಮಾರು ೭೭ ಮಿಲಿಲೀಟರ್, ಅಂದರೆ ೬೦ ಗ್ರಾಂ ಮದ್ಯಸಾರವಿರುತ್ತದೆ. ಒಂದೇ ತಗೊಳ್ಳೋದು ಎಂದು ರೋಗಿಯು ಹೇಳಿದರೆ ಅವನು ಸುಳ್ಳಾಡಿಲ್ಲ. ಆದರೆ ಪಟ್ಟಿಯ ಲೆಕ್ಕದಲ್ಲಿ ಅದು ಆರು. ಎಷ್ಟು ಎಂಬುದರ ಜೊತೆಗೆ ಯಾವುದು ಎಂಬುದನ್ನೂ ಕೇಳದ ವೈದ್ಯನು ಸತ್ಯವಾದ ಉತ್ತರದಿಂದಲೇ ಮೋಸಹೋಗುತ್ತಾನೆ. ಹುಣಸೂರು, ಪಿರಿಯಾಪಟ್ಟಣಗಳಂತಹ ಹೊಗೆಸೊಪ್ಪಿನ ಸೀಮೆಯ ರೋಗಿಯನ್ನು ಬೀಡಿ ಸಿಗರೇಟುಗಳ ವಿಷಯ ಮಾತ್ರ ಕೇಳಿ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಕಡ್ಡಿಪುಡಿಯನ್ನೂ ಕೇಳದಿರುವುದು ಇದೇ ಬಗೆಯ ಲೋಪ.

ಮೂರನೆಯದು ಜೊತೆಯಲ್ಲಿರುವವರು. ನಮ್ಮ ಕಡೆ ರೋಗಿಯು ಒಬ್ಬನೇ ಬರುವುದಿಲ್ಲ. ಹೆಂಡತಿ, ಮಗ, ಭಾವಮೈದುನ ಸುತ್ತ ನಿಂತಿರುತ್ತಾರೆ. ಮಗನ ಎದುರಿನಲ್ಲಿ ತಂದೆಯೂ, ಗಂಡನ ಎದುರಿನಲ್ಲಿ ಹೆಂಗಸೂ ಈ ವಿಷಯದಲ್ಲಿ ನಿಜವಾಡುವುದು ದುಸ್ಸಾಧ್ಯ. ಹೆಂಗಸರನ್ನಂತೂ ಕೇಳುವುದೇ ಅವಮಾನವೆಂಬ ಭಾವನೆಯಿಂದ ಅವರ ಕಾಯಿಲೆಯು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಾಗೆಂದು ಮನೆಯವರನ್ನು ದೂರವಿಡುವುದೂ ಯುಕ್ತವಲ್ಲ. ನಾಳೆ ಮನೆಯಲ್ಲಿ ಆರೈಕೆ ಮಾಡುವವರು ಅವರೇ. ಮೊದಲು ರೋಗಿಯೊಡನೆ ಏಕಾಂತದಲ್ಲಿ ಮಾತನಾಡಿ, ಅವನ ಒಪ್ಪಿಗೆ ಪಡೆದು, ಅನಂತರ ಅವನ ಎದುರಿನಲ್ಲಿಯೇ ಮನೆಯವರೊಡನೆ ಮಾತನಾಡುವ ಕ್ರಮವು ಈ ಎರಡಕ್ಕೂ ಹೊಂದುತ್ತದೆ. ಏಕೆ ಕೇಳುತ್ತಿದ್ದೇವೆಂಬುದನ್ನು ಮೊದಲೇ ಹೇಳುವುದು ಎಲ್ಲಕ್ಕಿಂತ ಮುಖ್ಯ. ಅರಿವಳಿಕೆಯ ಪ್ರಮಾಣಕ್ಕಾಗಿ, ಮೂರನೆಯ ದಿನ ತೊಂದರೆಯಾಗದಿರಲೆಂಬುದಕ್ಕಾಗಿ ಎಲ್ಲರನ್ನೂ ಕೇಳುತ್ತೇವೆ ಎಂದು ತಿಳಿಸಿದಾಗ ಪ್ರಶ್ನೆಯು ವಿಚಾರಣೆಯಾಗದೆ ಆರೈಕೆಯಾಗುತ್ತದೆ.

ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಕಂಡುಬರುವುದೇನೆಂದರೆ, ಕುಡಿಯುವವನು ಸುಳ್ಳುಗಾರನೆಂಬ ಲೋಕಾಪವಾದವು ಅರ್ಧಸತ್ಯ ಮಾತ್ರ. ಗೂಢಚಾರನು ಕೇಳಿದಾಗ, ಪೋಲೀಸನು ಕೇಳಿದಾಗ, ನಿಷೇಧದ ದಿನಗಳಲ್ಲಿ ಸರ್ಕಾರಿ ವೈದ್ಯನು ಕೇಳಿದಾಗ ಮೌನವಾಗಿರುವುದು ಅವನ ಪಾಲಿಗೆ ವಿವೇಕವೇ ಆಗಿತ್ತು. ಆ ವಿವೇಕವು ತಲೆಮಾರುಗಳಿಂದ ಬಂದು ಇಂದು ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೇ ಮುಳುವಾಗಿದೆ.

ಸವಿಮಾತೊಂದರಿಂದಲೇ ಈ ಮೌನವು ಮುರಿಯುವುದೆಂದು ನಾವು ಹೇಳುವುದಿಲ್ಲ. ೧೯೨೫ರ ಹೆಸರು ಬದಲಾವಣೆಯ ಪಾಠವನ್ನು ಮರೆಯಬಾರದು. ಉತ್ತರವನ್ನು ಕಾಪಾಡುವ ಕಾನೂನು, ಏಕಾಂತಕ್ಕೆ ಒಂದು ಮೂಲೆ, ಕೇಳಲು ವ್ಯವಧಾನವುಳ್ಳ ವೈದ್ಯ, ಕೇಳಿದ ಮೇಲೆ ಕೊಡಲು ಚಿಕಿತ್ಸೆ, ಇವು ಹಿಂದೆ ಇಲ್ಲದ ಮಾತು ಬರಿಯ ಉಪಚಾರ. ಆದರೆ ಇವೆಲ್ಲ ಇದ್ದೂ ಮಾತು ಒರಟಾದರೆ ಬಾಗಿಲು ತೆರೆಯುವುದಿಲ್ಲ. ಕಾನೂನು ಇಂದು ರೋಗಿಯ ಪಕ್ಷದಲ್ಲಿದೆ. ಆ ಸುದ್ದಿಯನ್ನು ಅವನಿಗೆ ಮುಟ್ಟಿಸಬೇಕಾದುದು ಕೇಳುವವನ ದನಿ. ವ್ಯಸನವೆಂಬ ಶಬ್ದದಲ್ಲಿ ನಮ್ಮ ಹಿರಿಯರು ದೋಷವನ್ನೂ ದುಃಖವನ್ನೂ ಒಟ್ಟಿಗೆ ಇಟ್ಟಿದ್ದರು. ದೋಷವನ್ನು ಎಣಿಸುವವರು ಎಲ್ಲ ಕಾಲದಲ್ಲಿಯೂ ದೊರೆತಿದ್ದಾರೆ. ದುಃಖವನ್ನು ವಿಚಾರಿಸುವವರು ಹೆಚ್ಚಿದಂತೆಲ್ಲ ಆ ೩೭ ಜನರ ಸಂಖ್ಯೆ ಇಳಿಯುವುದೆಂದು ನಂಬಲು ಚರಿತ್ರೆಯಲ್ಲಿ ಆಧಾರವಿದೆ.